ಹುಲಿಗಿಯ ಮರದ ಹನ್ನೊಂದು ಕಾಯಿ

ಸ್ವಸ್ತಿ ಶ್ರೀ. ಸಮಸ್ತ ಋತುಗಳ ಏಕಮೇವ ಅನುಭೋಗಿಗಳೂ, ಮಂಕಿಟೋಪಿ ಧಾರಣ ಧುರಂಧರರೂ, ತಳ್ಳುಗಾಡಿ ಫಲಸಾಮ್ರಾಜ್ಯದ ಚಕ್ರವರ್ತಿಗಳೂ, ಅರ್ಧ ಕಚ್ಚಿ ಅರ್ಧ ಎಸೆಯುವ ಮಹಾದಾನಶೂರರೂ, ಫ್ರಿಜ್ಜಿನ ಕೆಳಖಾನೆಯಲ್ಲಿ ಸೇಬನ್ನು ಮರೆತು ಸುಕ್ಕಾಗಿಸಿದ ಪರಮ ವೈರಾಗ್ಯಮೂರ್ತಿಗಳೂ ಆದ, ಕ್ರಿಸ್ತಶಕ ಎರಡು ಸಾವಿರದ ಇಪ್ಪತ್ತರ ಆಸುಪಾಸಿನ ಪೂರ್ವಜ ಮಹಾಶಯ ಮಹಾಶಯಿನಿಯರ ದಿವ್ಯ ಪಾದಾರವಿಂದಗಳಿಗೆ, ಸಂಡೂರು ಗುಡ್ಡದ ಒಂಬತ್ತನೆಯ ಹಂತದ ನಿವಾಸಿ, ಹದಿನೆಂಟು ವರ್ಷದ ಗಾದಿಲಿಂಗನೆಂಬ ಅಲ್ಪಪ್ರಾಣಿಯು ಸಾಷ್ಟಾಂಗ ಎರಗಿ, ಎದ್ದು, ಮೊಣಕಾಲಿನ ಕೆಮ್ಮಣ್ಣು ಕೊಡವಿಕೊಂಡು ಬರೆಯುವ ವಿಜ್ಞಾಪನೆ.

ಇವತ್ತು ಎರಡು ಸಾವಿರದ ನಾನೂರ ಹತ್ತೊಂಬತ್ತನೆಯ ಇಸವಿ, ಕೆಂಪು ತಿಂಗಳ ಅರವತ್ತೆರಡನೆಯ ದಿನ. ತಿಂಗಳಿಗೆ ಅರವತ್ತೆರಡು ದಿನವೇ ಎಂದು ಹುಬ್ಬೇರಿಸಬೇಡಿ. ನಮ್ಮಲ್ಲಿ ವರ್ಷಕ್ಕೆ ಐದೇ ತಿಂಗಳು: ನಿದ್ದೆ, ಹೂ, ಹೀಚು, ಕಾಯಿ, ಕೆಂಪು. ಯಾವ ತಿಂಗಳು ಎಷ್ಟು ದಿನ ನಡೆಯಬೇಕೆಂದು ಸೇಬಿನ ಮರವೇ ತೀರ್ಮಾನಿಸುತ್ತದೆ. ಹೋದ ವರ್ಷ ನಿದ್ದೆ ತಿಂಗಳು ನೂರ ಹನ್ನೊಂದು ದಿನ ನಡೆದು, ಹೂ ತಿಂಗಳಲ್ಲಿ ಬರಬೇಕಾಗಿದ್ದ ನನ್ನ ಹುಟ್ಟುಹಬ್ಬವನ್ನು ಎಲ್ಲಿಗೋ ತಳ್ಳಿತು. ನನ್ನ ಮಾತುಗಳು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಮಾತುಗಳೇನು ನಮಗೆ ಕಡಿಮೆ ವಿಚಿತ್ರವಲ್ಲ. ಸ್ವೆಟರ್ ಎಂದರೆ ಏನೆಂದು ಶಾಲೆಯಲ್ಲಿ ಚಿತ್ರ ತೋರಿಸಿ ಕಲಿಸಿದರು. ಉಣ್ಣೆಯ ಚೀಲದೊಳಗೆ ಮನುಷ್ಯ ತಾನಾಗಿ ಹೊಕ್ಕು, ಒಳಗೇ ಉಳಿದು, ಮೇಲೆ ಚಹಾ ಕುಡಿದು ಸುಖಪಡುತ್ತಿದ್ದನೆಂದು ನಂಬುವುದಕ್ಕೆ ನನಗೆ ಎರಡು ದಿನ ಹಿಡಿಯಿತು.

ಹದಿನೆಂಟು ತುಂಬಿದ ಪ್ರತಿಯೊಬ್ಬರಿಗೂ ನಮ್ಮಲ್ಲಿ ಒಂದು ಹಿಂದಂಚೆ ಬರೆಯುವ ಹಕ್ಕಿದೆ. ಹಿಂದಂಚೆಯೆಂದರೆ ಹಿಂದಿನ ಕಾಲಕ್ಕೆ ಹೋಗುವ ಅಂಚೆ. ಐದನೆಯ ಹಂತದ ಹಳೆಯ ಗಣಿಗುಂಡಿಯೊಳಗೆ ಕಾಗದವನ್ನು ಬಿಟ್ಟರೆ ಅದು ನಾನೂರು ವರ್ಷ ಕೆಳಗೆ ಹೋಗಿ ಬೀಳುತ್ತದೆಂದು ದೊಡ್ಡವರು ಹೇಳುತ್ತಾರೆ. ಈವರೆಗೆ ಯಾರಿಗೂ ಉತ್ತರ ಬಂದಿಲ್ಲ. ಅದು ಅಂಚೆಯ ತಪ್ಪೋ ನಿಮ್ಮ ಸೋಮಾರಿತನವೋ ನಿರ್ಧಾರವಾಗಿಲ್ಲ. ಎಲ್ಲರೂ ಈ ಕಾಗದದಲ್ಲಿ ಹಿರಿಯರ ಕ್ಷೇಮ ಕೇಳಿ, ಆಶೀರ್ವಾದ ಬೇಡಿ ಮುಗಿಸುತ್ತಾರೆ. ನಾನು ಹೊಟ್ಟೆಕಿಚ್ಚಿನಿಂದ ಬರೆಯುತ್ತಿದ್ದೇನೆ. ಕೊನೆಯಲ್ಲಿ ಒಂದು ಕೋರಿಕೆಯೂ ಇದೆ, ದಯವಿಟ್ಟು ಅಲ್ಲಿಯವರೆಗೆ ಓದಿ.

ಮೊದಲನೆಯ ಹೊಟ್ಟೆಕಿಚ್ಚು ನಿಮ್ಮ ಮೇಲೆಯೇ. ನಿಮಗೆ ಚಳಿಗಾಲವಿತ್ತು. ಅದನ್ನು ಯಾರೂ ತಯಾರಿಸಬೇಕಾಗಿರಲಿಲ್ಲ, ತಾನೇ ಬರುತ್ತಿತ್ತು. ಬಂದಾಗ ನೀವು ಅದಕ್ಕೆ ಬೈಯುತ್ತಿದ್ದಿರಂತೆ. ಎಲ್ಲೋ ಉತ್ತರದ ಬೆಟ್ಟಗಳಲ್ಲಿ ಸೇಬಿನ ಮರ ಆ ಚಳಿಯಲ್ಲಿ ಹೊದ್ದು ಮಲಗಿ, ಚಳಿ ಕಳೆದ ಮೇಲೆ ಎದ್ದು, ಹೂ ಬಿಟ್ಟು, ಹಣ್ಣು ಕೊಟ್ಟು, ಆ ಹಣ್ಣು ಲಾರಿ ಹತ್ತಿ ನಿಮ್ಮ ಬೀದಿಯ ತನಕ ಬಂದು, ಮೈಮೇಲೆ ಚೀಟಿ ಅಂಟಿಸಿಕೊಂಡು ಗಾಡಿಯಲ್ಲಿ ಗೋಪುರವಾಗಿ ಕೂರುತ್ತಿತ್ತು. ಯಾರಾದರೂ ಕಾಯಿಲೆ ಬಿದ್ದರೆ ನೋಡಲು ಹೋಗುವವರು ಸೇಬು ಒಯ್ಯುತ್ತಿದ್ದರೆಂದೂ, ಕಾಯಿಲೆಯವರು ಬಾಯಿಗೆ ರುಚಿಯಿಲ್ಲವೆಂದು ಅದನ್ನು ಪಕ್ಕದ ಹಾಸಿಗೆಯವರಿಗೆ ಕೊಡುತ್ತಿದ್ದರೆಂದೂ ಓದಿದ್ದೇನೆ. ನಮ್ಮ ಹಂತದಲ್ಲಿ ಇದನ್ನು ಗಟ್ಟಿಯಾಗಿ ಓದಿದಾಗ ನಮ್ಮ ಅಜ್ಜಿ ಎದ್ದು ಒಳಗೆ ಹೋದರು. ನಾಲ್ಕು ದಿನ ನಿಮ್ಮ ಹೆಸರೆತ್ತಿದರೆ ಅವರಿಗೆ ಆಗುತ್ತಿರಲಿಲ್ಲ.

ನೀವು ಗುಡ್ಡ ಕೊರೆದು ಅದಿರು ತೆಗೆದು, ದೈತ್ಯನಿಗೆ ಹತ್ತಲು ಕಟ್ಟಿದಂತೆ ಹಂತ ಹಂತವಾಗಿ ಬಿಟ್ಟುಹೋದಿರಲ್ಲ, ಆ ಹಂತಗಳ ಮೇಲೆ ಈಗ ನಮ್ಮ ಮನೆ, ನಮ್ಮ ಮರ. ಸೇಬೇ ನಮ್ಮ ಬದುಕು. ಹಣ್ಣನ್ನು ಹೆಚ್ಚಿ ಒಣಗಿಸಿ ಕೆಳಗೆ ಕಳಿಸುತ್ತೇವೆ, ಬಯಲಿನವರು ಜೋಳ ಕೊಟ್ಟು ಒಯ್ಯುತ್ತಾರೆ. ಆದರೆ ಇಲ್ಲಿ ಚಳಿಯಿಲ್ಲ. ಚಳಿ ತಾಗದ ಸೇಬಿನ ಮರಕ್ಕೆ ಯಾವಾಗ ಏಳಬೇಕೆಂದೇ ತಿಳಿಯುವುದಿಲ್ಲ. ಒಂದು ಕೊಂಬೆ ಇವತ್ತು ಎದ್ದರೆ ಇನ್ನೊಂದು ಎರಡು ತಿಂಗಳು ಬಿಟ್ಟು ಆಕಳಿಸುತ್ತದೆ. ಅದಕ್ಕಾಗಿ ನಾವು ಮರಕ್ಕೆ ಸುಳ್ಳು ಹೇಳುತ್ತೇವೆ. ಸುಳ್ಳುನೀರು ಎಂಬುದು ನಮ್ಮ ಪದ. ಮರ ತನ್ನ ಮೈಯೊಳಗೆ ತಾನೇ ಕಳಿಸಿಕೊಳ್ಳುವ ಸಂದೇಶಗಳಿರುತ್ತವಲ್ಲ, ಬೆಳೆ, ನಿಲ್ಲು, ಹಿಡಿ, ಬಿಡು ಎಂದು, ಅದೇ ಸಂದೇಶವನ್ನು ನಾವು ನೀರಿನಲ್ಲಿ ಬೆರೆಸಿ ಹೊರಗಿನಿಂದ ಹೊಡೆಯುತ್ತೇವೆ. ಮರ ತನ್ನದೇ ದನಿಯೆಂದುಕೊಂಡು ಕೇಳುತ್ತದೆ. ನಿಮ್ಮ ಕಾಲದಲ್ಲೂ ಈ ನೀರುಗಳಿದ್ದವೆಂದು ಗೊತ್ತು. ನಿಮಗೆ ಅವು ಹಣ್ಣಿನ ಅಂದ ತಿದ್ದುವುದಕ್ಕೆ, ಕೊಯ್ಲು ಹಗುರಾಗುವುದಕ್ಕೆ. ನಮಗೆ ಊಟ ಹುಟ್ಟುವುದೇ ಅವುಗಳಿಂದ.

ಎಬ್ಬಿಸುವ ನೀರು ಮೊದಲನೆಯದು, ಚಳಿಗಾಲ ಬಂದು ಹೋಯಿತೆಂಬ ಸುಳ್ಳು. ಹೂವಿನಲ್ಲಿ ಉದ್ದನೀರು ಹೊಡೆದರೆ ಹಣ್ಣು ನೀಳವಾಗಿ, ತಳದಲ್ಲಿ ಐದು ಗುಬುಟು ಎದ್ದು, ಸಿಪ್ಪೆ ನುಣುಪಾಗುತ್ತದೆ. ಕೈ ಮೀರಿ ಹೊಡೆದರೆ ಮುಂದಿನ ವರ್ಷದ ಹೂವೇ ಹೋಗುತ್ತದೆ. ಚಿಗುರು ವಿಪರೀತ ಓಡಿದರೆ ನಿಲ್ಲುನೀರು. ಹಣ್ಣಿಗೆ ಬಣ್ಣ ಬರಲು ಕೆಂಪುನೀರು, ಆದರೆ ಅದು ಬಣ್ಣದ ಜೊತೆ ತೊಟ್ಟನ್ನೂ ಸಡಿಲಿಸುವುದರಿಂದ ಹಿಡಿನೀರು ಹೊಡೆಯದೆ ಅದನ್ನು ಮುಟ್ಟುವಂತಿಲ್ಲ. ಈ ಹಿಡಿನೀರಿನದೇ ಒಂದು ಚೋದ್ಯ. ಹಣ್ಣು ಮಾಗುವ ಹೊತ್ತಿಗೆ ಹೊಡೆದರೆ ತೊಟ್ಟು ಬಿಡದಂತೆ ಹಿಡಿದಿಡುತ್ತದೆ. ಅದೇ ಸೋರೆಬುರುಡೆಯ ಅದೇ ನೀರನ್ನು ಕಾಯಿ ಬಟಾಣಿಯಷ್ಟಿರುವಾಗ ಹೊಡೆದರೆ ಕಾಯಿ ಉದುರಿಸುತ್ತದೆ. ಆಗ ಅದರ ಹೆಸರು ಇಳಿನೀರು. ಬಿಸಿಲೇರಿದ ಹೊತ್ತಿನಲ್ಲಿ ಹೊಡೆದರಂತೂ ಇನ್ನೂ ಜೋರು.

ಇಷ್ಟೂ ಸುಳ್ಳಿಗೆ ನಮ್ಮಲ್ಲಿ ಒಂದು ಕಟ್ಟುನಿಟ್ಟಿದೆ. ಹೊಡೆಯುವ ಮೊದಲು ಬುಡದ ಹತ್ತಿರ ನಿಂತು ಆ ಸುಳ್ಳನ್ನು ಬಾಯಿಬಿಟ್ಟು ಹೇಳಬೇಕು. ಮೋಸ ಮಾಡುವುದಾದರೆ ಮುಖಕ್ಕೆ ಹೇಳಿ ಮಾಡಬೇಕೆಂಬುದು ಹಿರಿಯರ ಮಾತು. ನಿದ್ದೆ ತಿಂಗಳ ಕೊನೆಯಲ್ಲಿ ನಮ್ಮ ದೊಡ್ಡ ನೀರುಗಾರ ಎರ್ರಿಸ್ವಾಮಿ ತಾತ ಪಂಪು ಬೆನ್ನಿಗೇರಿಸಿ, ಬೆವರು ಸುರಿಸುತ್ತ, ಒಂದೊಂದೇ ಮರಕ್ಕೆ "ಏಳವ್ವ, ಚಳಿ ಹೋತು, ಭಾಳ ಚಳಿ ಇತ್ತು ಈ ಸಲ" ಎಂದು ಹೇಳಿಕೊಂಡು ಹೋಗುವುದನ್ನು ನೀವು ನೋಡಬೇಕು. ಒಂದು ಹಲ್ಲೂ ಕಾಣದ ಹಾಗೆ, ಅಷ್ಟು ಗಂಭೀರವಾಗಿ. ಊರಿನಲ್ಲಿ ಸುಳ್ಳು ಹೇಳಿ ಮರ್ಯಾದೆ ಪಡೆಯುವ ಏಕೈಕ ಹುದ್ದೆ ಅದು. ನಾನು ಅದಕ್ಕೆಂದೇ ಹುಟ್ಟಿದವನೆಂದು ಐದನೆಯ ವಯಸ್ಸಿನಿಂದ ನನಗೆ ಖಾತ್ರಿಯಿತ್ತು. ಹೋದ ವರ್ಷ ತಾತನ ಬುಟ್ಟಿಯಲ್ಲಿ ಕೆಂಪು ಬಳಿದ ಈರುಳ್ಳಿಯೊಂದನ್ನು ಸೇಬುಗಳ ನಡುವೆ ಇಟ್ಟು, ಅವರು ಕಚ್ಚುವ ತನಕ ಕೈಕಟ್ಟಿ ಭಕ್ತಿಯಿಂದ ನಿಂತವನು ನಾನು. ತಾತ ಅಗಿದು ನುಂಗಿ, "ಸ್ವಲ್ಪ ಖಾರ ಐತಿ, ಉದ್ದನೀರು ಹೆಚ್ಚಾಗೈತಿ" ಎಂದು ಮುಂದೆ ಹೋದರು. ಅಂಥ ಗುರು ಯಾರಿಗೆ ಸಿಗುತ್ತಾರೆ?

ಅವರಿಗೀಗ ಎಪ್ಪತ್ತೆಂಟು, ಮಂಡಿ ಬಗ್ಗುವುದಿಲ್ಲ. ಈ ವರ್ಷದ ಮೂರು ಹಣ್ಣಿನ ದಿನ ಮುಂದಿನ ನೀರುಗಾರರನ್ನು ಆರಿಸುವುದೆಂದು ತೀರ್ಮಾನವಾಯಿತು. ನಮ್ಮಲ್ಲಿ ಮಗು ಹುಟ್ಟಿದಾಗ ಅದರ ಹೆಸರಿನಲ್ಲಿ ಒಂದು ಗಿಡ ನೆಡುತ್ತಾರೆ. ಆ ಮಗು ಬೆಳೆದು ಆ ಮರವನ್ನು ತಾನೇ ನೋಡಿಕೊಂಡು, ಅದರ ಮೂರು ಹಣ್ಣು ತಂದು ಊರ ಕಟ್ಟೆಯ ಮೇಲೆ ಇಡಬೇಕು. ಯಾರ ಮೂರು ಹಣ್ಣು ಮೇಲೋ ಅವರ ಬೆನ್ನಿಗೆ ತಾತನ ಪಂಪು. ಒಮ್ಮೆ ಏರಿದರೆ ನಲವತ್ತು ಐವತ್ತು ವರ್ಷ ಇಳಿಯುವುದಿಲ್ಲ. ಅಂದರೆ ಈ ವರ್ಷ ತಪ್ಪಿದರೆ ನನಗೆ ಈ ಜನ್ಮದಲ್ಲಿ ಇನ್ನಿಲ್ಲ.

ಎರಡನೆಯ ಹೊಟ್ಟೆಕಿಚ್ಚು ಇಲ್ಲಿಂದ ಶುರು. ನಮ್ಮ ಚಿಕ್ಕಪ್ಪನ ಮಗಳು ಹುಲಿಗೆಮ್ಮ, ನನಗಿಂತ ಅರ್ಧ ವರ್ಷ ಚಿಕ್ಕವಳು, ನನ್ನನ್ನು ಅಣ್ಣ ಎನ್ನುವವಳು, ನನ್ನ ಮರದ ಪಕ್ಕದ ಮರದವಳು. ಅವಳ ಬಗ್ಗೆ ಕೆಟ್ಟದ್ದು ಹೇಳಲು ಎಷ್ಟು ಹುಡುಕಿದರೂ ಏನೂ ಸಿಗುವುದಿಲ್ಲ, ಅದೇ ದೊಡ್ಡ ಕಿರುಕುಳ. ಅವಳು ಮರದ ತೊಗಟೆಯನ್ನು ಮುಟ್ಟಿ ನೀರು ಬೇಕೋ ಬೇಡವೋ ಹೇಳುತ್ತಾಳೆ, ಹೇಳಿದ್ದು ಸರಿಯಾಗಿರುತ್ತದೆ. ನಮ್ಮ ಅವ್ವ ದಿನಕ್ಕೆರಡು ಬಾರಿ ರೊಟ್ಟಿ ಬಡಿಯುತ್ತ, "ಹುಲಿಗೀನ ನೋಡಿ ಕಲಿಯಲೇ, ನಿನಗ ಬರೇ ಕುಚೇಷ್ಟಿ" ಎಂದು ಆ ರೊಟ್ಟಿಯ ಜೊತೆ ನನ್ನನ್ನೂ ಬಡಿಯುತ್ತಾರೆ. ಹೀಚು ತಿಂಗಳಲ್ಲಿ ಎಣಿಸಿ ನೋಡಿದೆ: ನನ್ನ ಮರದಲ್ಲಿ ಇನ್ನೂರ ಹದಿನಾಲ್ಕು ಕಾಯಿ, ಅವಳದರಲ್ಲಿ ನೂರ ತೊಂಬತ್ತು. ನನ್ನದೇ ಹೆಚ್ಚು. ಆದರೆ ಅವಳ ಕಾಯಿಗಳು ನನ್ನವಕ್ಕಿಂತ ಹೊಳೆಯುತ್ತಿದ್ದವು. ನಾನು ಬೇಲಿಯ ಈಚೆ ನಿಂತು ಆ ಹೊಳಪನ್ನು ಎಷ್ಟು ಹೊತ್ತು ನೋಡಿದೆನೆಂದರೆ, ಹುಲಿಗಿ ಹಿಂದಿನಿಂದ ಬಂದು, "ಏನಣ್ಣ, ದೃಷ್ಟಿ ಹಾಕಾಕತ್ತೀಯೋ ದೃಷ್ಟಿ ತೆಗ್ಯಾಕತ್ತೀಯೋ?" ಎಂದು ಕೇಳಿದಳು. ತೆಗೆಯುತ್ತಿದ್ದೇನೆ ಎಂದೆ. ಅವಳು ನಂಬಿ, ಥ್ಯಾಂಕ್ಸ್ ಹೇಳಿ ಹೋದಳು. ಅಂಥವಳ ಜೊತೆ ಹೇಗೆ ಬದುಕುವುದು, ನೀವೇ ಹೇಳಿ.

ಮೂರು ದಿನ ಬಿಟ್ಟು, ನಡುಮಧ್ಯಾಹ್ನ, ಊರೆಲ್ಲ ಬಿಸಿಲಿಗೆ ಹೆದರಿ ಒಳಗೆ ಮಲಗಿದ್ದಾಗ, ತಾತನ ಕೊಟ್ಟಿಗೆಯಿಂದ ಇಳಿನೀರಿನ ಬುರುಡೆಯನ್ನೂ ಪಂಪನ್ನೂ ಎತ್ತಿಕೊಂಡು ಅವಳ ಮರದ ಬಳಿ ಹೋದೆ. ಒಂದು ಕಾಯಿಯೂ ಉಳಿಯಬಾರದು, ಮೂರು ಹಣ್ಣಿನ ದಿನ ಅವಳು ಬರಿಗೈಯಲ್ಲಿ ನಿಲ್ಲಬೇಕು, ಅಷ್ಟೇ ನನ್ನ ಆಸೆ. ಕಟ್ಟುನಿಟ್ಟನ್ನು ಮಾತ್ರ ಮುರಿಯಲಿಲ್ಲ. ಇಳಿನೀರು ಹೊಡೆಯುವಾಗ ತಾತ "ಭಾರ ಭಾಳ ಆಗೈತಿ ತಾಯಿ, ಕೆಲವರನ್ನ ಕಳಿಸು" ಎನ್ನುತ್ತಾರೆ. ನಾನು ಬುಡಕ್ಕೆ ಬಾಯಿ ಹಚ್ಚಿ, "ಎಲ್ಲರನ್ನೂ ಕಳಿಸು" ಎಂದೆ. ಹೊಡೆದೆ. ಮನೆಗೆ ಬಂದು ಮಲಗಿ ಚೆನ್ನಾಗಿ ನಿದ್ದೆ ಮಾಡಿದೆ ಎಂಬುದನ್ನೂ ಮುಚ್ಚಿಡುವುದಿಲ್ಲ.

ಹತ್ತು ದಿನಕ್ಕೆ ತೊಟ್ಟು ಹಳದಿಯಾಗಿ ಕಾಯಿ ಬೀಳತೊಡಗಿದವು. ಹುಲಿಗಿ ಬುಡದಲ್ಲಿ ಕೂತು ಬಿದ್ದ ಕಾಯಿಗಳನ್ನು ಒಂದೊಂದಾಗಿ ಸೆರಗಿನಲ್ಲಿ ತುಂಬಿಕೊಂಡಳು. ಅಳಲಿಲ್ಲ. ಅತ್ತಿದ್ದರೆ ನನಗೆ ಸ್ವಲ್ಪ ಬೇಸರವಾದರೂ ಆಗುತ್ತಿತ್ತು. ಕೊನೆಗೆ ಮರದಲ್ಲಿ ಹನ್ನೊಂದು ಕಾಯಿ ಉಳಿದವು. ನಾನು ಲೆಕ್ಕ ಹಾಕಿದೆ, ನನಗೆ ಇನ್ನೂರ ಹದಿನಾಲ್ಕು, ಅವಳಿಗೆ ಹನ್ನೊಂದು. ಗೆದ್ದೆನೆಂದುಕೊಂಡೆ. ಹದಿನೆಂಟು ವರ್ಷ ಸೇಬಿನ ಮರದ ನೆರಳಲ್ಲಿ ಬೆಳೆದವನು, ಹಾಲು ಬಿಡುವ ಮೊದಲೇ ಸೇಬಿನ ಗಂಜಿ ಕುಡಿದವನು, ಕಟ್ಟೆಯ ಮೇಲೆ ಇಡುವುದು ಮೂರೇ ಹಣ್ಣು ಎಂಬುದನ್ನು ಮರೆತೆ. ಮಹಾಶಯರೇ, ಇಳಿನೀರು ಇರುವುದೇ ಅದಕ್ಕಲ್ಲವೇ? ನೂರ ತೊಂಬತ್ತು ಬಾಯಿಗೆ ಹಂಚಬೇಕಾಗಿದ್ದ ಅನ್ನವನ್ನು ಆ ಮರ ಹನ್ನೊಂದೇ ಬಾಯಿಗೆ ಉಣಿಸಿತು. ಕಾಯಿ ತಿಂಗಳ ನಡುವಿಗೆ ಅವು ನನ್ನ ಮುಷ್ಟಿಯಷ್ಟಾದವು. ಕೆಂಪು ತಿಂಗಳಿಗೆ ತಾತನ ಮುಷ್ಟಿಯಷ್ಟು. ಅತ್ತ ನನ್ನ ಮರದಲ್ಲಿ, ಒಂದನ್ನೂ ಕಳಿಸಲು ಮನಸ್ಸು ಬಾರದೆ ಎಲ್ಲವನ್ನೂ ಇಟ್ಟುಕೊಂಡಿದ್ದೆನಲ್ಲ, ಇನ್ನೂರ ಹದಿನಾಲ್ಕೂ ನಿಂಬೆಹಣ್ಣಿನಷ್ಟೇ ಉಳಿದು, ಕೊಂಬೆ ಬಾಗಿ, ಎರಡು ಕಡೆ ಊರುಗೋಲು ಕೊಡಬೇಕಾಯಿತು. ಇಷ್ಟು ಹೊತ್ತ ಮರ ಮುಂದಿನ ವರ್ಷ ಹೂ ಬಿಡುವುದೂ ಇಲ್ಲ, ರಜೆ ಹಾಕುತ್ತದೆ.

ಮೂರು ಹಣ್ಣಿನ ದಿನದ ವರ್ಣನೆಯಿಂದ ನಿಮ್ಮನ್ನು ದಣಿಸುವುದಿಲ್ಲ. ಹುಲಿಗಿ ತನ್ನ ಮೂರನ್ನು ಇಟ್ಟಾಗ ಕಟ್ಟೆಯ ಸುತ್ತ ನಿಂತವರೆಲ್ಲ ಕುತ್ತಿಗೆ ಚಾಚಿದರು. ನಾನು ನನ್ನ ಮೂರನ್ನು ಇಟ್ಟಾಗ ಯಾರೋ ಹಿಂದಿನಿಂದ, "ಉಪ್ಪು ಹಾಕಲೇ, ಉಪ್ಪಿನಕಾಯಿ ಆಗ್ತಾವ" ಎಂದರು. ಅದನ್ನು ತಡೆದುಕೊಂಡೆ. ಹಾಗೆ ಇನ್ನೊಬ್ಬರಿಗೆ ನಾನೇ ಎಷ್ಟೋ ಸಲ ಹೇಳಿದ್ದೇನೆ. ತಡೆದುಕೊಳ್ಳಲಾಗದ್ದು ಆಮೇಲೆ ಆದದ್ದು. ತಾತ ಮಂಡಿ ಹಿಡಿದುಕೊಂಡು ಅವಳ ಮರದ ತನಕ ನಡೆದುಹೋಗಿ, ಉಳಿದ ಎಂಟು ಹಣ್ಣುಗಳನ್ನು ಕತ್ತೆತ್ತಿ ಬಹಳ ಹೊತ್ತು ನೋಡಿದರು. ನೆತ್ತಿಯ ಕೊಂಬೆಗಳಲ್ಲಿ, ಬಿಸಿಲು ಬೀಳುವ ಕಡೆಗಳಲ್ಲಿ ಮಾತ್ರ ಅವು ತೂಗುತ್ತಿದ್ದವು. ಕೆಳಗಿನ ನೆರಳಿನಲ್ಲಿ ಒಂದೂ ಇರಲಿಲ್ಲ. ಆಮೇಲೆ ಎಲ್ಲರಿಗೂ ಕೇಳುವಂತೆ ಹೇಳಿದರು: "ಐವತ್ತು ವರ್ಷ ನೀರು ಹೊಡದೀನಿ, ಇಷ್ಟು ಎದಿಗಾರಿಕಿ ನನಗ ಬರಲಿಲ್ಲ. ಕಾಯಿ ಉಳಿಸಾಕ ಎಲ್ಲಾರಿಗೂ ಬರ್ತೈತಿ. ಇಳಿಸಾಕ ಕೈ ಬೇಕು. ಯಾವ ಕಾಯಿಗೆ ಬಿಸಿಲು ಸಿಗತೈತಿ ಅಂತ ನೋಡಿ ನೋಡಿ ಬಿಟ್ಟಾಳ ನೋಡ್ರಿ."

ಹುಲಿಗಿ, "ನಾನಲ್ಲ ತಾತ. ನಾ ಹೊಡದೇ ಇಲ್ಲ, ಅವು ತಾವೇ ಬಿದ್ವು" ಎಂದಳು. ತಾತ ನಕ್ಕು ಅವಳ ತಲೆಯ ಮೇಲೆ ಕೈಯಿಟ್ಟು, "ನೋಡ್ರಿ, ದೊಡ್ಡ ಕೈ ಇದ್ದೋರು ಹಿಂಗ ಮಾತಾಡೋದು" ಎಂದರು. ಅವಳು ಮತ್ತೆ ಅಲ್ಲವೆಂದಳು. ಅಲ್ಲವೆಂದಷ್ಟೂ ಜನ ಅವಳ ವಿನಯಕ್ಕೆ ತಲೆದೂಗಿದರು. ಪಂಪು ಅವಳ ಬೆನ್ನೇರಿತು.

ನಾನು ಅಲ್ಲೇ, ನಾಲ್ಕು ಮಾರು ದೂರದಲ್ಲಿ ನಿಂತಿದ್ದೆ. ಆ ಹೊಗಳಿಕೆ ನನ್ನದು. ಐವತ್ತು ವರ್ಷದ ನೀರುಗಾರನ ಬಾಯಿಂದ ಬಂದ, ಇನ್ನು ಯಾರಿಗೂ ಸಿಗದ ಆ ಮಾತು ನನ್ನ ಕೈಯ ಕೆಲಸಕ್ಕೆ ಸಂದದ್ದು, ನನ್ನ ಕಣ್ಣೆದುರೇ ಇನ್ನೊಬ್ಬಳ ತಲೆಯ ಮೇಲೆ ಕೂತಿತು. ಅದು ನನ್ನ ಕೈ ಎಂದು ಹೇಳಲು ಬಾಯಿ ತೆರೆದೆ. ಆದರೆ ನಮ್ಮಲ್ಲಿ ಇನ್ನೊಬ್ಬರ ಮರಕ್ಕೆ ಕದ್ದು ನೀರು ಹೊಡೆದವನ ಮರವನ್ನು ಬುಡಕ್ಕೆ ಕಡಿದು, ಆ ಮೋಟಿಗೆ ಬೇರೆಯವರ ಕಸಿ ಕಟ್ಟಿ, ಬೇರೆಯವರ ಹೆಸರಿಡುತ್ತಾರೆ. ಮತ್ತೆ ಯಾವ ಮರವನ್ನೂ ಅವನು ಮುಟ್ಟುವಂತಿಲ್ಲ. ಬಾಯಿ ಮುಚ್ಚಿದೆ. ನನ್ನ ಹೊಟ್ಟೆಕಿಚ್ಚಿನ ಸ್ಥಿತಿ ಈಗ ಎಲ್ಲಿಗೆ ಮುಟ್ಟಿದೆಯೆಂದರೆ ನಾನು ನನ್ನ ಮೇಲೆಯೇ ಹೊಟ್ಟೆಕಿಚ್ಚುಪಡುತ್ತಿದ್ದೇನೆ. ಆ ಮಧ್ಯಾಹ್ನ ಆ ಮರದ ಬಳಿ ಹೋದ ಗಾದಿಲಿಂಗ ದೊಡ್ಡ ಕಲಾವಿದ. ಈ ಕಾಗದ ಬರೆಯುತ್ತಿರುವ ಗಾದಿಲಿಂಗನನ್ನು ಯಾರೂ ಕೇಳುವುದಿಲ್ಲ.

ನಿನ್ನೆ ಹುಲಿಗಿ ಬಂದು ನಮ್ಮ ಮನೆಯ ಕಟ್ಟೆಯ ಮೇಲೆ ಕೂತಳು. ಪಂಪಿನ ಪಟ್ಟಿ ಉಜ್ಜಿ ಹೆಗಲು ಕೆಂಪಾಗಿತ್ತು. "ಅಣ್ಣ, ನನ್ನ ಮರ ಯಾರು ಇಳಿಸಿರಬೇಕು?" ಎಂದು ಕೇಳಿದಳು. ಮರವೇ ಇಳಿಸಿಕೊಂಡಿರಬೇಕು ಎಂದೆ. ಅವಳು, "ಇಲ್ಲ. ಯಾರೋ ಗೊತ್ತಿದ್ದೋರೇ ಮಾಡ್ಯಾರ. ನನ್ನ ಕೆಡಿಸಾಕ ಬಂದಿದ್ರೂ ಚಿಂತಿಲ್ಲ. ಅವರು ಸಿಕ್ಕರ ಕಾಲು ಹಿಡಕೊಂಡು ಕಲೀತೀನಿ. ನನಗ ಬರೋದು ಎಬ್ಬಿಸೋದು, ಬೆಳೆಸೋದು. ಇಳಿಸಾಕ ಕೈ ಏಳಂಗಿಲ್ಲ. ಮುಂದಿನ ವರ್ಷ ಊರಿನ ಮರಗಳನ್ನೆಲ್ಲ ನಾ ಹೆಂಗ ಇಳಿಸಲಿ?" ಎಂದಳು. ನಾನು ಅವಳಿಗೆ ನೀರು ತಂದುಕೊಟ್ಟೆ.

ಆದುದರಿಂದ, ಮಹಾಪ್ರಭುಗಳೇ, ನನ್ನ ಕೋರಿಕೆ. ಹಳೆಯ ಕಲ್ಲಿನಲ್ಲಿ ಬರೆದದ್ದನ್ನು ನಮ್ಮ ಜನ ಎದುರು ಮಾತಾಡದೆ ನಂಬುತ್ತಾರೆ, ಕಲ್ಲು ಮೊದಲೇ ಹೇಳಿದ ಕೆಲಸವನ್ನು ಅಪರಾಧವೆಂದು ಎಣಿಸುವುದಿಲ್ಲ, ಕೈಮುಗಿಯುತ್ತಾರೆ. ನೀವು ದಯಮಾಡಿ ಒಂದು ಭಾನುವಾರ ಬಿಡುವು ಮಾಡಿಕೊಂಡು, ಸಂಡೂರಿಗೆ ಬಂದು, ಗುಡ್ಡದ ತುದಿಯ ಯಾವುದಾದರೂ ಗಟ್ಟಿ ಬಂಡೆಯ ಮೇಲೆ ಉಳಿ ಸುತ್ತಿಗೆಯಿಂದ ಹೀಗೆ ಕೊರೆಯಿಸಬೇಕು: "ಸ್ವಸ್ತಿ. ಮುಂದೊಂದು ಕಾಲದಲ್ಲಿ ಹುಲಿಗೆಮ್ಮನ ಮರದ ಕಾಯಿಗಳನ್ನು ಬಿಸಿಲು ನೆರಳು ನೋಡಿ ಇಳಿಸಿ, ಹನ್ನೊಂದನ್ನು ಉಳಿಸುವವನು ಗಾದಿಲಿಂಗ. ಅವನ ಕೈ ದೊಡ್ಡದು. ಅವನನ್ನು ಯಾರೂ ಬೈಯಬಾರದು." ನಾಲ್ಕು ನೂರು ವರ್ಷದ ಪಾಚಿ ಕಟ್ಟಿ ಅದು ನಮ್ಮ ಕಾಲಕ್ಕೆ ಬಂದರೆ, ನಾನು ಆಕಸ್ಮಿಕವಾಗಿ ಎಡವಿ ಅದನ್ನು ಪತ್ತೆ ಮಾಡುತ್ತೇನೆ. ತಾತ ಓದುತ್ತಾರೆ. ಹುಲಿಗಿ ಓದುತ್ತಾಳೆ, ಪಂಪನ್ನು ಅರ್ಧ ದಿನ ನನಗೆ ಕೊಡುತ್ತಾಳೆ, ಇಳಿಸುವ ಕೆಲಸ ನನ್ನದು, ಬೆಳೆಸುವುದು ಅವಳದು. ನಿಮಗೆ ಇದರಿಂದ ಹೋಗುವುದು ಒಂದು ಭಾನುವಾರ. ಇಡೀ ಚಳಿಗಾಲಗಳನ್ನೇ ಹಾಳುಮಾಡಿದವರಿಗೆ ಒಂದು ಭಾನುವಾರ ಯಾವ ಲೆಕ್ಕ?

ಕೊರೆಯಿಸುವ ಮೊದಲು ಒಂದು ಸಣ್ಣ ಸಂಗತಿಯನ್ನು ತಿಳಿಸುವುದು ನ್ಯಾಯ, ಕಲ್ಲಿನ ಮೇಲೆ ಸುಳ್ಳು ಬರೆಸಿದ ಪಾಪ ನಿಮಗೆ ಬೇಡ. ಆ ಹನ್ನೊಂದು ಕಾಯಿಗಳನ್ನು ನಾನು ನೋಡಿ ಬಿಟ್ಟದ್ದಲ್ಲ. ಬಿಸಿಲೂ ನೋಡಲಿಲ್ಲ, ನೆರಳೂ ನೋಡಲಿಲ್ಲ. ಏಣಿಯ ಮೂರನೆಯ ಮೆಟ್ಟಿಲಿನ ಮೇಲೆ ನನಗೆ ಕಾಲು ನಡುಗುತ್ತದೆ, ಚಿಕ್ಕಂದಿನಿಂದಲೂ. ನೆತ್ತಿಯ ಕೊಂಬೆಗಳಿಗೆ ನನ್ನ ನೀರು ಎಟುಕಲಿಲ್ಲ.